ಸುಳ್ಳು ಹೇಳದ ಗಂಟೆ

ಅಕ್ಕಯ್ಯಾ,

‘ನಾವೆಲ್ಲ ಕ್ಷೇಮ’ ಎಂದು ಒಂದು ಸಾಲು ಬರೆದು ಹೊಡೆದುಹಾಕಿದೆ. ನಿನಗೆ ಹಾಗೆ ಬರೆಯಲಾರೆ. ಪವರ್ ಹೌಸ್ ಇರುವ ಬ್ಲಫ್‌ನಿಂದ ನಾನು ಹಾಕುತ್ತಿದ್ದ ಕಾಗದಗಳನ್ನೆಲ್ಲ ನೀನು ಕೆಂಪು ಮಸಿಯಲ್ಲಿ ತಿದ್ದಿಟ್ಟು, ನಾನು ನಮ್ಮೂರು ಹನಕೆರೆಗೆ ಬಂದಾಗ ಎದುರಿಗೆ ಕೂರಿಸಿಕೊಂಡು ಓದಿ ನಗುತ್ತಿದ್ದೆ. “ಕರೆಂಟ್ ಮಾಡೋ ಊರಲ್ಲಿದ್ದೂ ಒತ್ತಕ್ಷರಕ್ಕೆ ಕತ್ಲೆಯೇನ್ಲಾ ನಂಜ?” ಅನ್ನುತ್ತಿದ್ದೆ. ಈ ಕಾಗದವನ್ನು ತಿದ್ದುವವರಿಲ್ಲ. ನೀನು ಹೋದಮೇಲೆ ಹಿಂದಿನ ಹೊಲದಲ್ಲಿ ಎರಡು ಸಲ ಕಬ್ಬು ಕಡಿದಾಯಿತು. ಇಷ್ಟು ದಿನ ಸುಮ್ಮನಿದ್ದವನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನ್ನ ಮಗನ ವಿಷಯ ಒಂದು ನನಗೆ ಗೊತ್ತಾಗಿದೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ತಿಳಿಯಬೇಕಾದವಳು ನೀನು. ನೀನಿದ್ದಿದ್ದರೆ...

ಮಂಡ್ಯದ ಆಸ್ಪತ್ರೆಗೆ ಶಿವನನ್ನು ಕರೆದುಕೊಂಡು ಹೋದ ಬೆಳಗ್ಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲೆ ಬಂದಮೇಲೆ ನಮ್ಮ ಕಡೆ ಹಬ್ಬಿದ ಚಳಿಜ್ವರದಲ್ಲಿ ಭಾವ ತೀರಿಕೊಂಡರು. ಅದೇ ಜ್ವರ ಮೊಲೆ ಕುಡಿಯುತ್ತಿದ್ದ ಶಿವನಿಗೂ ಬಂತು. ಕ್ವಿನೈನ್ ಕುಡಿಸಿ ಕುಡಿಸಿ ನೀನು ಅವನನ್ನು ಉಳಿಸಿಕೊಂಡೆ. ಉಳಿದ ಮಗುವಿಗೆ ನಾಲ್ಕು ವರ್ಷ ತುಂಬಿದರೂ ಮಾತು ಬರಲಿಲ್ಲ. ಕಿವಿಯನ್ನು ಜ್ವರ ತಿಂದಿತೋ, ಔಷಧಿ ತಿಂದಿತೋ, ಯಾರು ಹೇಳಬೇಕು? ಡಾಕ್ಟರು ಅವನನ್ನು ಸ್ಟೂಲಿನ ಮೇಲೆ ಮೇಜಿಗೆ ಬೆನ್ನು ಕೊಟ್ಟು ಕೂರಿಸಿ, ಮೇಜಿನ ಮೇಲಿದ್ದ ಹಿತ್ತಾಳೆಯ ಗಂಟೆಯನ್ನು ಟಣ್ ಎಂದು ತಟ್ಟಿದರು. ಶಿವ ಗಕ್ಕನೆ ತಿರುಗಿ ನೋಡಿದ. ಇನ್ನೊಮ್ಮೆ ತಟ್ಟಿದರು. ಇನ್ನೊಮ್ಮೆ ತಿರುಗಿದ. “ಕಿವಿ ಸರಿಯಾಗಿದೆ ಕಣಮ್ಮ. ಸ್ವಲ್ಪ ಹಟದ ಮಗು. ನಿಧಾನವಾಗಿ ಮಾತು ಬರುತ್ತೆ” ಎಂದರು. ನೀನು ಅಲ್ಲೇ ಗೋಡೆ ಹಿಡಿದು ನಿಂತು ಅತ್ತೆ. ಸ್ಟೇಷನ್ನಿಗೆ ಬರುವ ದಾರಿಯುದ್ದಕ್ಕೂ ಅವನನ್ನು ಸೊಂಟದಿಂದ ಇಳಿಸಲಿಲ್ಲ.

ಆ ಸಂತೋಷ ಎಷ್ಟು ದಿನ ಇತ್ತು, ಅಕ್ಕ? ಕಿವಿ ಸರಿಯಿದೆ ಎಂದ ಮೇಲೆ ಅವನು ಮಾಡಿದ್ದೆಲ್ಲ ತಪ್ಪಾಯಿತು. ಕರೆದಾಗ ಬಾರದಿದ್ದರೆ ಹಟ. ಹೇಳಿದ್ದನ್ನು ತಾರದಿದ್ದರೆ ಸೊಕ್ಕು. “ಕೇಳುಸ್ಕಂಡೂ ಕೇಳ್ದಂಗೆ ಕುಂತಿರ್ತದೆ, ಮೂದೇವಿ” ಎಂದು ಅವ್ವ ಹೊಡೆಯಲು ಹುಣಸೆ ಬರಲು ಹಿಡಿದುಕೊಂಡೇ ಇರುತ್ತಿದ್ದಳು. ನೀನು ಜೊತೆಗೆ ಅವನನ್ನು ಸ್ಕೂಲಿಗೆ ಕರೆದುಕೊಂಡು ಹೋದರೆ ಅಲ್ಲಿ ಹೆಡ್‌ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಊರ ಮಕ್ಕಳಿಗೆಲ್ಲ ಅ ಆ ಇ ಈ ಹೇಳಿಕೊಡುವ ಸಾಕಮ್ಮ ಮೇಡಮ್ಮನ ಮಗನೇ ಬಾಯಿ ಬಿಡುವುದಿಲ್ಲ ಎಂದು ಜನ ಆಡಿಕೊಂಡರು. ಒಂದು ಸಂಜೆ ನೀನೇ ಅವನ ಕಿವಿ ಹಿಂಡಿದೆ. ಅವನು ಅಳದೆ ನಿನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಯಾಕೆ ಹೊಡೆಸಿಕೊಳ್ಳುತ್ತಿದ್ದೇನೆ ಎಂದು ತಿಳಿಯದ ಮಗುವಿನ ಮುಖ ಹೇಗಿರುತ್ತದೆ ಎಂದು ಅವತ್ತು ಕಂಡೆ.

ರಜಕ್ಕೆ ಬಂದ ನಾನು ರಾಗಿ ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯುತ್ತಿದ್ದೆ. ಶಿವ ಅದೇ ಪೆಟ್ಟಿಗೆಗೆ ಒರಗಿ ಕೂತಿದ್ದ. ಸುತ್ತಿಗೆ ಬಿದ್ದಾಗಲೆಲ್ಲ ತಿರುಗಿದ. ಪೆಟ್ಟಿಗೆ ಬಿಟ್ಟು ಅಂಗಳಕ್ಕೆ ಹೋಗಿ ಕೂತ ಮೇಲೆ, ನಾನು ಅವನ ಬೆನ್ನ ಹಿಂದೆಯೇ ಕಲ್ಲಿನ ಮೇಲೆ ಅದೇ ಸುತ್ತಿಗೆಯಿಂದ ಬಡಿದರೂ ಅಲುಗಲಿಲ್ಲ. ನನಗೆ ಆಸ್ಪತ್ರೆಯ ಮೇಜು ನೆನಪಾಯಿತು. ಅವನ ಬೆನ್ನು ಅದಕ್ಕೆ ತಾಗಿತ್ತಲ್ಲವೇ? ನಿನ್ನನ್ನು ಕರೆದು ತೋರಿಸಿದೆ. ನೀನು “ಅಂಗಾದ್ರೆ ಆ ಗಂಟೆ ನಂಗೆ ಸುಳ್ಳೇಳ್ತಾ?” ಅಂದೆ. “ಗಂಟೆ ಅಲ್ಲ ಕಣಕ್ಕ, ಮೇಜು” ಅಂದೆ ನಾನು. “ಎಂಥದೋ ಒಂದು. ನೀನು ಟೆಲಿಫೋನ್ ರಿಪೇರಿ ಮಾಡೋನಲ್ವಾ? ಸುಳ್ಳೇಳ್ದಿರೋ ಗಂಟೆ ಒಂದು ಮಾಡ್ಕೊಡ್ಲಾ ನಂಜ. ಕೇಳುಸ್ತದೋ ಇಲ್ವೋ, ಒಂದು ಗೊತ್ತಾಗ್‌ಬುಡ್ಲಿ. ಸುಮ್‌ಸುಮ್ಕೆ ಕೂಸ್ನ ಒಡೀತಾವ್ರೆ” ಅಂದೆ ನೀನು. ಆಗಲ್ಲ ಎಂದು ಯಾಕೆ ಹೇಳಲಿಲ್ಲ ನಾನು?

ಮೊದಲ ಡಬ್ಬ ತಂದ ದಿನ ನಿನಗೆ ನೆನಪಿರಬೇಕು. ಯುದ್ಧದ ಕಾಲ. ಇದ್ದಿಲು ಗ್ಯಾಸಿನ ಬಸ್ಸು ಮಳವಳ್ಳಿಯ ಏರಿನಲ್ಲಿ ನಿಂತುಹೋಗಿ ನಾವೆಲ್ಲ ಇಳಿದು ತಳ್ಳಿದೆವು. ತೊಡೆಯ ಮೇಲೆ ಡಬ್ಬ ಇಟ್ಟುಕೊಂಡೇ ಮದ್ದೂರಿನವರೆಗೆ ಬಂದೆ. ಬ್ಯಾಟರಿ ಸೆಲ್ಲಿಗೆ ಜೋಡಿಸಿದ ಬಜರ್ ಅದು, ಗುಂಡಿ ಒತ್ತಿದರೆ ಕೀರ್ ಎನ್ನುತ್ತಿತ್ತು. ಶಿವನ ಹಿಂದೆ ನೆಲದ ಮೇಲಿಟ್ಟು ಒತ್ತಿದೆ. ತಿರುಗಿದ! ನೀನು ಬಾಯಿಗೆ ಸೆರಗು ಮುಚ್ಚಿಕೊಂಡೆ. ನಾನು ನೆಲವನ್ನು ಮುಟ್ಟಿ ನೋಡಿದೆ. ಡಬ್ಬದ ಜೊತೆ ನೆಲವೂ ನಡುಗುತ್ತಿತ್ತು. ಕೇಳುವ ದನಿ ಯಾವುದು, ಮೈಗೆ ತಿಳಿಯುವ ನಡುಕ ಯಾವುದು ಎಂದು ಬೇರೆ ಮಾಡದಿದ್ದರೆ ನನ್ನ ಡಬ್ಬಕ್ಕೂ ಆಸ್ಪತ್ರೆಯ ಗಂಟೆಗೂ ಏನು ವ್ಯತ್ಯಾಸ?

ಎರಡನೆಯ ಸಲ ಡಬ್ಬದ ಸುತ್ತ ಹತ್ತಿ ತುಂಬಿ, ಹಗ್ಗದಿಂದ ತೊಲೆಗೆ ತೂಗುಬಿಟ್ಟೆ. ಎಲ್ಲಿಗೂ ತಾಗುವಂತಿರಲಿಲ್ಲ. ಆಗಲೂ ಶಿವ ತಿರುಗಿದ. ನಾನು ಸೋತು ಕೂತೆ. ಇದು ಹೇಗಾದೀತು? ಗುಂಡಿ ಒತ್ತುತ್ತ, ಈ ಸಲ ಅವನನ್ನು ಬಿಟ್ಟು ಸುತ್ತಲೂ ನೋಡಿದೆ. ನೀನು ಅವನ ಎದುರಿಗೆ ಕೂತಿದ್ದೆ. ದನಿ ಬಂದ ಕೂಡಲೇ ನಿನ್ನ ಹುಬ್ಬು ಮೇಲೆ ಹೋಗುತ್ತಿತ್ತು, ಉಸಿರು ಹಿಡಿಯುತ್ತಿದ್ದೆ. ಅವನು ನಿನ್ನ ಮುಖ ನೋಡಿ, ತನ್ನವ್ವನಿಗೆ ಏನೋ ಬೇಕಾಗಿದೆ ಎಂದು ತಿಳಿದು ತಿರುಗುತ್ತಿದ್ದ. ಅಷ್ಟು ವರ್ಷ ನಿನ್ನ ಮುಖವನ್ನೇ ಕಿವಿ ಮಾಡಿಕೊಂಡು ಬದುಕಿದ್ದ ಮಗು. “ಅಕ್ಕ, ನೀನು ಇಲ್ಲಿರಂಗಿಲ್ಲ” ಅಂದೆ. ನೀನು ಎದ್ದು ಹೊರಗೆ ಹೋದೆ. ಆಮೇಲೆ ಗುಂಡಿ ಒತ್ತಿದರೆ ಅವನು ತಿರುಗಲಿಲ್ಲ. ಆದರೂ ನಾನು ತೀರ್ಮಾನ ಹೇಳಲಿಲ್ಲ. ದನಿ ಸಣ್ಣದಾಗಿರಬಹುದು, ಅವನಿಗೆ ಬೇಸರವಾಗಿರಬಹುದು, ನನ್ನ ಕೆಲಸವೇ ಸರಿಯಿಲ್ಲದಿರಬಹುದು.

ಮಳವಳ್ಳಿಯಲ್ಲಿ ಸೈಕಲ್ಲು, ಪೆಟ್ರೊಮ್ಯಾಕ್ಸ್ ರಿಪೇರಿ ಮಾಡುವ ಖಲೀಲ್ ನನ್ನ ಸ್ನೇಹಿತ ಎಂದು ನಿನಗೆ ಗೊತ್ತಲ್ಲ. ಅವನ ಅಂಗಡಿಯಲ್ಲಿ ಕೂತು ಮೂರನೆಯದನ್ನು ಮಾಡಿದೆವು. ವರ್ಕ್‌ಶಾಪಿನಲ್ಲಿ ಕೆಟ್ಟುಬಿದ್ದಿದ್ದ ಟೆಲಿಫೋನಿನ ರಿಸೀವರನ್ನು ಸಾಹೇಬರನ್ನು ಕೇಳಿ ತಂದಿದ್ದೆ. ಬಜರನ್ನು ದನದ ಕೊಟ್ಟಿಗೆಯಲ್ಲಿಟ್ಟು, ಅಲ್ಲಿಂದ ನಡುಮನೆಗೆ ತಂತಿ ಎಳೆಯುವ ಯೋಚನೆ. ನಡುವೆ ಎರಡು ತಂತಿ ಸುರುಳಿ, ಒಂದರೊಳಗೆ ಇನ್ನೊಂದು ಜಾರುವ ಹಾಗೆ. ಪೂರ್ತಿ ಒಳಗಿದ್ದರೆ ರಿಸೀವರಿನಲ್ಲಿ ದನಿ ಜೋರು, ಹೊರಗೆ ಎಳೆದಷ್ಟೂ ಸಣ್ಣದು. ರಿಸೀವರು ಚರ್ಮಕ್ಕೆ ತಾಗಿ ಕಚಗುಳಿ ಇಡದಿರಲೆಂದು ಖಲೀಲ್ ತನ್ನ ಮಗಳ ಹಳೇ ಕುಲಾವಿ ಬಿಚ್ಚಿ ಹತ್ತಿಯ ದಿಂಬು ಹೊಲಿದ. “ಭಾಯಿ, ಕೇಳ್ಸಲ್ಲ ಅಂತ ಗೊತ್ತಾದ್ರೆ ಏನ್ ಮಾಡ್ತೀಯ?” ಎಂದು ಕೇಳಿದ. ಹೊಡೆಯುವುದನ್ನು ನಿಲ್ಲಿಸುತ್ತಾರೆ ಎಂದೆ. ಅವನು ಸೂಜಿಗೆ ದಾರ ಪೋಣಿಸುತ್ತ ತಲೆಯಾಡಿಸಿದ.

ಆಟ ಕಲಿಸಿದವಳು ನೀನು. ಮಕ್ಕಳಿಗೆ ಏನನ್ನಾದರೂ ಕಲಿಸುವುದು ನಿನಗೆ ಹೂವು ಕಟ್ಟಿದಷ್ಟು ಸಲೀಸು. ದನಿ ಬಂದರೆ ಒಂದು ಹುಣಸೆ ಬೀಜ ಬಟ್ಟಲಿಗೆ ಹಾಕಬೇಕು, ಇಲ್ಲದಿದ್ದರೆ ಹಾಕಬಾರದು. ಮೊದಲು ನಿನ್ನ ಸ್ಕೂಲಿನ ಮಕ್ಕಳನ್ನೇ ಕರೆತಂದೆ. ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತು ಗುಂಡಿ ಒತ್ತುವುದು, ಮಕ್ಕಳು ಒಳಗೆ ಬೀಜ ಹಾಕುವುದು, ನೀನು ಗೋಡೆಗೆ ಮುಖ ಮಾಡಿ ಕೂತು ಬೀಜದ ಸದ್ದು ಎಣಿಸುವುದು. ಒಬ್ಬ ಹುಡುಗ ಬೀಜಗಳನ್ನು ಬಾಯಿಗೆ ಹಾಕಿಕೊಂಡು ಕಡಿಯುತ್ತಿದ್ದ, ನೀನು ನಕ್ಕು ನಕ್ಕು ಸುಸ್ತಾದೆ. ಹಿಂದಿನ ಸಾಲಿನ ಪುಟ್ಟತಾಯಿ, ಸದಾ ಬೈಸಿಕೊಳ್ಳುತ್ತಿದ್ದ ಹುಡುಗಿ, ಬಲಗಿವಿಗೆ ರಿಸೀವರು ಕೊಟ್ಟರೆ ಎಲ್ಲ ಬೀಜ ಹಾಕಿದಳು, ಸೋರುತ್ತಿದ್ದ ಎಡಗಿವಿಗೆ ಕೊಟ್ಟರೆ ಕೈ ಎತ್ತಲಿಲ್ಲ. ನೀನು ಮಾರನೆಯ ದಿನವೇ ಅವಳನ್ನು ಮುಂದಿನ ಸಾಲಿನ ಎಡತುದಿಗೆ ಕೂರಿಸಿದೆ, ಬಲಗಿವಿ ನಿನ್ನ ಕಡೆಗಿರಲೆಂದು. ಆ ಮೂರು ನಾಲ್ಕು ದಿನ ನಮ್ಮ ಮನೆಯಲ್ಲಿ ಎಷ್ಟು ಗಲಾಟೆ, ಎಷ್ಟು ನಗು! ಶಿವನ ಸರದಿಯನ್ನು ನಾವಿಬ್ಬರೂ ಮುಂದಕ್ಕೆ ಹಾಕುತ್ತಲೇ ಇದ್ದೆವು.

ಅವನಿಗೆ ಆಟ ಕಲಿಸಲು ಹಳೇ ಡಬ್ಬ ಉಪಯೋಗಕ್ಕೆ ಬಂತು. ಅದನ್ನು ತೊಡೆಯ ಮೇಲಿಟ್ಟು ಗುಂಡಿ ಒತ್ತಿದಾಗಲೆಲ್ಲ ಬೀಜ ಹಾಕುವುದನ್ನು ನೀನು ತೋರಿಸಿಕೊಟ್ಟೆ. ಬೇಗ ಕಲಿತ. ನಡುಕ ಬಂದರೆ ಬೀಜ, ಇಲ್ಲದಿದ್ದರೆ ಇಲ್ಲ. ಒಮ್ಮೆಯೂ ತಪ್ಪಲಿಲ್ಲ. ದಡ್ಡನಲ್ಲ ನಿನ್ನ ಮಗ. ಆಮೇಲೆ ಡಬ್ಬ ತೆಗೆದು ರಿಸೀವರನ್ನು ಕಿವಿಗೆ ಕಟ್ಟಿದೆವು. ನಾನು ಕೊಟ್ಟಿಗೆಗೆ ಹೋದೆ. ಸಣ್ಣ ದನಿಯಿಂದ ಶುರುಮಾಡಿ ಸುರುಳಿಯನ್ನು ಒಳಗೆ ಒಳಗೆ ತಳ್ಳಿದೆ. ಪೂರ್ತಿ ಒಳಗೆ ಹೋಯಿತು. ಬಟ್ಟಲಿನ ಸದ್ದು ಬರಲೇ ಇಲ್ಲ. ಇನ್ನೊಂದು ಕಿವಿಗೂ ಅಷ್ಟೇ. ಬಾಗಿಲಿಗೆ ಬಂದು ಇಣುಕಿದೆ. ಬೀಜ ಹಿಡಿದ ಕೈಯನ್ನು ಬಟ್ಟಲಿನ ಮೇಲೆಯೇ ಇಟ್ಟುಕೊಂಡು, ಈಗ ಬರುತ್ತದೆ ಈಗ ಬರುತ್ತದೆ ಎಂದು ಕಾಯುತ್ತ ಕೂತಿದ್ದ. ನೀನು ಗೋಡೆಗೆ ಹಣೆ ಹಚ್ಚಿದ್ದೆ. “ಇನ್ನೊಂದು ಸಲ ಒತ್ತು” ಅಂದೆ. ಒತ್ತಿದೆ. “ಇನ್ನೊಂದು ಸಲ” ಅಂದೆ. ಕಡೆಗೆ ನೀನೇ ಎದ್ದು ಬಂದು ಅವನ ಕೈಯಿಂದ ಬೀಜ ತೆಗೆದುಕೊಂಡೆ.

ಅವ್ವ ಕೇಳಿದ್ದಕ್ಕೆ ನೀನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. “ಸಿವನ್ಗೆ ಕಿವಿ ಇಲ್ಲ ಕಣವ್ವ. ಒಂಚೂರೂ ಇಲ್ಲ. ಇನ್ಮ್ಯಾಲೆ ಯಾರೂ ಅವನ್ನ ಒಡೆಯಂಗಿಲ್ಲ. ಯಾರೂ ಕೂಗಂಗೂ ಇಲ್ಲ. ಏನಾದ್ರೂ ಬೇಕಾದ್ರೆ ಓಗಿ ಮುಟ್ಟಿ.” ಅವ್ವ ಬರಲನ್ನು ಒಲೆಗೆ ಹಾಕಿದಳು. ಡಬ್ಬವನ್ನು ಹೊತ್ತುಕೊಂಡು ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಒಳ್ಳೆಯ ಮನುಷ್ಯ, ರಿಸೀವರನ್ನು ತನ್ನ ಕಿವಿಗೇ ಹಿಡಿದು ನೋಡಿ, “ನನ್ನ ಗಂಟೆಗಿಂತ ಇದು ಮೇಲು. ಆದರೆ ನಿಜ ಗೊತ್ತಾದ ಮೇಲೆ ಕೊಡೋದಕ್ಕೆ ನನ್ನ ಹತ್ತಿರ ಏನೂ ಇಲ್ಲಮ್ಮ. ಮೈಸೂರಲ್ಲಿ ಕಿವುಡು ಮಕ್ಕಳ ಸ್ಕೂಲಿದೆ, ಇನ್ನೂ ಸ್ವಲ್ಪ ದೊಡ್ಡವನಾಗಲಿ, ಬರೆದುಕೊಡ್ತೀನಿ” ಎಂದರು. ವಾಪಸು ಬರುವಾಗ ರೈಲಿನಲ್ಲಿ ನೀನು ಅಳಲಿಲ್ಲ. ಸುಳ್ಳು ಸುಖಕ್ಕಿಂತ ಇದೇ ವಾಸಿ ಎಂದು ನೀನು ಹೇಳುತ್ತೀಯೇನೋ ಎಂದು ಕಾದೆ. 

ಆಮೇಲಿನ ಒಂದು ವರ್ಷ ಮನೆಯ ರೀತಿಯೇ ಬದಲಾಯಿತು. ಊಟಕ್ಕೆ ಕರೆಯಬೇಕಾದರೆ ಅವ್ವ ಮಂಡಿ ನೋವಿನಲ್ಲೂ ಹಿತ್ತಿಲವರೆಗೆ ನಡೆದು ಅವನ ಹೆಗಲು ಮುಟ್ಟುತ್ತಿದ್ದಳು. ಕೈಸನ್ನೆಯಲ್ಲಿ ನೀರು, ಹಸು, ಮಾವ, ಬೆಂಕಿ ಎಲ್ಲ ಬಂತು. ನನ್ನ ಸನ್ನೆ ಯಾವುದು ಗೊತ್ತಲ್ಲ, ಟೆಲಿಫೋನಿನ ಹಿಡಿ ತಿರುಗಿಸಿದ ಹಾಗೆ ಕಿವಿಯ ಹತ್ತಿರ ಮುಷ್ಟಿ ತಿರುಗಿಸುವುದು. ಅವನ ಒಂದೇ ಒಂದು ಚಾಳಿ ಬಿಡಿಸಲು ನಿನ್ನಿಂದ ಆಗಲಿಲ್ಲ. ಯಾವ ಮಾಯದಲ್ಲೋ ಕಬ್ಬಿನ ಗದ್ದೆ ದಾಟಿ ರೈಲು ಹಳಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ನೀನು ಎಷ್ಟು ಸಲ ಕರೆದುಕೊಂಡು ಬಂದೆ, ಎಷ್ಟು ಸಲ ಕಣ್ಣು ಬಿಟ್ಟು ಹೆದರಿಸಿದೆ. ಇಂಜಿನ್ನು ನೋಡುವ ಹುಚ್ಚು, ಗಂಡುಮಕ್ಕಳಿಗೆ ಇರುವಂಥದ್ದೇ ಎಂದುಕೊಂಡೆವು.

ನೀನು ಹೋದ ಆ ದಿನದ್ದನ್ನು ನಾನು ಕಂಡವನಲ್ಲ. ಆಫೀಸಿನ ಟೆಲಿಫೋನಿಗೆ ಸುದ್ದಿ ಬಂತು, ಎತ್ತಿಕೊಂಡವನು ನಾನೇ. ಮಳವಳ್ಳಿಯಿಂದ ಖಲೀಲ್ ಅಂಗಡಿ ಮುಚ್ಚಿ ನನ್ನ ಜೊತೆ ಬಂದ. ನಾವು ಮಂಡ್ಯದ ಆಸ್ಪತ್ರೆ ಸೇರುವಷ್ಟರಲ್ಲಿ... ಬೇಡ. ಹಳಿ ನೋಡಿಕೊಳ್ಳುವ ಗ್ಯಾಂಗಿನ ಮರಿಯಣ್ಣ ಹೇಳಿದ್ದನ್ನಷ್ಟೇ ಬರೆಯುತ್ತೇನೆ. “ಕೂಸು ಹಳಿ ಮಧ್ಯ ನಿಂತಿತ್ತು ಕಣಪ್ಪಾ. ಮದ್ದೂರು ಕಡೆಯಿಂದ ಗಾಡಿ ಬತ್ತಾ ಇತ್ತು. ಮೊಕ ಅತ್ಲಾಗೆ ತಿರುಗುಸ್ಕಂಡು ಆರಾಮಾಗಿ ನಿಂತಿತ್ತು, ಗಾಡಿ ಕಡೆ ನೋಡ್ನೇ ಇಲ್ಲ. ನಾನು ಇತ್ಲಾಗಿಂದ ಬಡ್ಕೊಂಡೆ, ಡ್ರೈವರು ಇಂಜಿನ್ ಕೂಗುಸ್ದ. ಮೇಡಮ್ಮ ಸ್ಕೂಲ್‌ಗೆ ಹೊಂಟೋರು ಕಂಡ್ಬುಟ್ರು. ಆವಮ್ಮ ಕೂಗ್ನಿಲ್ಲ. ಒಂದು ಸಲಾನೂ ಬಾಯಿ ತೆಗೀನಿಲ್ಲ. ಸೀರೆ ಎತ್ತಿ ಕಟ್ಕಂಡು ಓಡುದ್ರು. ಕೂಸ್ನ ಏರಿ ಕೆಳಕ್ಕೆ ತಳ್ಳುದ್ರು. ತಾವು ಇಳಿಯಕ್ಕೆ...” ಅಲ್ಲಿಗೆ ಮರಿಯಣ್ಣ ತಲೆಗೆ ಕಟ್ಟಿದ್ದ ವಲ್ಲಿ ಬಿಚ್ಚಿ ಮುಖ ಮುಚ್ಚಿಕೊಂಡ. ಶಿವನಿಗೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ನೀನು ಕೂಗಲಿಲ್ಲ ಎಂಬ ಆ ಮಾತು ನನ್ನನ್ನು ಎರಡು ವರ್ಷ ತಿಂದಿದೆ. ಆಸ್ಪತ್ರೆಯ ಗಂಟೆಯನ್ನೇ ನಂಬಿಕೊಂಡಿದ್ದರೆ ನೀನು ಎಲ್ಲ ತಾಯಂದಿರ ಹಾಗೆ ನಿಂತಲ್ಲೇ ಕೂಗುತ್ತಿದ್ದೆ. ಒಮ್ಮೆ ಕೂಗಿ, ಇನ್ನೊಮ್ಮೆ ಕೂಗಿ, ಆಮೇಲೆ ಓಡುತ್ತಿದ್ದೆ. ಅಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. ಮಗು ಹೋಗುತ್ತಿತ್ತು, ನೀನು ಉಳಿಯುತ್ತಿದ್ದೆ. ನಾನು ಮಾಡಿದ ಡಬ್ಬ ನಿನಗೆ ನಿಜ ಹೇಳಿತು, ಆದ್ದರಿಂದ ನೀನು ಓಡಿದೆ. ಹಾಗಾದರೆ ಆ ಡಬ್ಬ ಶಿವನನ್ನು ಉಳಿಸಿತೇ, ನಿನ್ನನ್ನು ಕೊಂದಿತೇ? ಇದನ್ನು ಯಾರ ಹತ್ತಿರ ಕೇಳಲಿ? ಖಲೀಲನ ಹತ್ತಿರ ಒಮ್ಮೆ ಕೇಳಿದೆ. ಅವನು ನನಗೆ ಚಹಾ ತರಿಸಿದ. ಡಬ್ಬವನ್ನು ಕ್ವಾರ್ಟರ್ಸಿನ ಮಂಚದ ಕೆಳಗೆ ನೂಕಿದೆ. ಬ್ಲಫ್‌ನಲ್ಲಿ ಯಂತ್ರಗಳ ಮೊರೆತ ನಿಲ್ಲುವುದೇ ಇಲ್ಲವಲ್ಲ, ಅದನ್ನು ಕೇಳುತ್ತ ಮಲಗಿದರೆ ನನಗೂ ಕಿವಿ ಹೋಗಬಾರದೇ ಅನ್ನಿಸುತ್ತಿತ್ತು.

ಕಳೆದ ಯುಗಾದಿಗೆ ಊರಿಗೆ ಬಂದಾಗ ಶಿವನನ್ನು ನಡುಮನೆಯ ಕಂಬಕ್ಕೆ ಕಟ್ಟಿಹಾಕಿದ್ದು ಕಂಡೆ. ಕಾಲಿಗೆ ಕರುವಿನ ಹಗ್ಗ. “ಏನವ್ವಾ ಇದು?” ಎಂದೆ. “ಇನ್ನೇನ್ಲಾ ಮಾಡ್ಲಿ? ಬುಟ್ರೆ ಅಲ್ಲಿಗೇ ಓಯ್ತದೆ. ಅವ್ವನ್ನ ನುಂಗ್ಕೊಂಡ ಜಾಗಕ್ಕೇ ಓಯ್ತದೆ” ಎಂದು ಅವ್ವ ಗೋಡೆ ಕಡೆ ತಿರುಗಿದಳು. ನೀನು ಹೋದಮೇಲೆ ಅವಳು ಅವನ ಮುಖ ನೋಡಿ ಅನ್ನ ಹಾಕಿದ್ದಿಲ್ಲ. ಹಗ್ಗ ಬಿಚ್ಚಿದೆ. ಅವನು ಕಿವಿಯ ಹತ್ತಿರ ಮುಷ್ಟಿ ತಿರುಗಿಸಿ, ನನ್ನ ಬೆರಳು ಹಿಡಿದು ಎಳೆದ. ಎಲ್ಲಿಗೆ ಎಂದು ಗೊತ್ತಿತ್ತು. ಹೋಗಲಿ, ಇವನು ಅಲ್ಲಿ ಏನು ನೋಡುತ್ತಾನೋ ನಾನೂ ನೋಡುತ್ತೇನೆ ಎಂದು ಹೊರಟೆ.

ಏರಿಯ ಕೆಳಗೆ, ಹಳಿಯಿಂದ ದೂರದಲ್ಲಿ, ಅವನ ರಟ್ಟೆ ಬಿಗಿಯಾಗಿ ಹಿಡಿದು ಕೂತೆ. ಗಾಡಿ ಬಂತು. ಶಿವ ಅದನ್ನು ನೋಡಲಿಲ್ಲ ಅಕ್ಕ. ಮುಖವನ್ನು ಅತ್ತ ತಿರುಗಿಸಿದ. ಎಡಗಿವಿ ಗಾಡಿಯ ಕಡೆಗಾಯಿತು. ಇಂಜಿನ್ನು ನಮ್ಮೆದುರು ಗುಡುಗುಟ್ಟುತ್ತ ಹೋಗುವಾಗ ಅಂಗೈಯಿಂದ ಎಡಗಿವಿ ಮುಚ್ಚಿದ, ತೆಗೆದ. ಮುಚ್ಚಿದ, ತೆಗೆದ. ಸಂತೆಯ ಗದ್ದಲದಲ್ಲಿ ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದೆವಲ್ಲ, ಕಿವಿ ಮುಚ್ಚಿ ತೆಗೆದು ವ್ಹಾವ್ ವ್ಹಾವ್ ಎನ್ನಿಸುವ ಆಟ, ಅದೇ. ಕಣ್ಣು ಮುಚ್ಚಿಕೊಂಡಿದ್ದ. ನಗುತ್ತಿದ್ದ. ಏನೂ ಕೇಳಿಸದ ಮಗು ಆ ಆಟ ಯಾಕೆ ಆಡುತ್ತದೆ? 

ಬ್ಲಫ್‌ಗೆ ಹಿಂದಿರುಗಿ ಮಂಚದ ಕೆಳಗಿನ ಡಬ್ಬವನ್ನು ಎಳೆದೆ. ಅದರ ದನಿ ಕೀರಲು. ಒಂದೇ ದನಿ. ಸಣ್ಣದು ಜೋರು ಮಾಡುವುದನ್ನು ಕಲಿತಿದ್ದೆ, ದಪ್ಪ ದನಿ ಬೇರೆ ತೆಳು ದನಿ ಬೇರೆ ಎಂಬುದು ಆಗ ನನ್ನ ತಲೆಗೆ ಬಂದಿರಲಿಲ್ಲ. ಬಜರಿನ ತಗಡಿನ ನಾಲಿಗೆಯನ್ನು ಉದ್ದ ಮಾಡಿ, ತುದಿಗೆ ಸೀಸದ ತುಂಡು ಬೆಸೆದೆ. ಅದು ನಿಧಾನವಾಗಿ ಬಡಿದುಕೊಂಡು ಗುಂಯ್ ಎನ್ನತೊಡಗಿತು. ಟೆಲಿಫೋನಿನ ಚಿಕ್ಕ ರಿಸೀವರಿಗೆ ಆ ದನಿ ಹೊರಲಾಗಲಿಲ್ಲ. ಖಲೀಲ್ ಯಾರದೋ ಕೆಟ್ಟ ರೇಡಿಯೋದಿಂದ ದೊಡ್ಡದೊಂದನ್ನು ಬಿಚ್ಚಿ ತಂದ. ದಪ್ಪ ದನಿಗೆ ನಡುಕವೂ ಹೆಚ್ಚು, ಮತ್ತೆ ಮೋಸಹೋಗಬಾರದು. ಅದನ್ನು ರಬ್ಬರಿನಲ್ಲಿ ತೂಗುಹಾಕಿ, ಕಿವಿಯಿಂದ ಒಂದು ಬೆರಳು ದೂರ ನಿಲ್ಲುವ ಹಾಗೆ ಮರದ ಕಟ್ಟು ಮಾಡಿದೆವು.

ಅದನ್ನು ಹನಕೆರೆಗೆ ತಂದಾಗ ಶಿವ ಹುಣಸೆ ಬೀಜದ ಆಟವನ್ನು ಮರೆತಿರಲಿಲ್ಲ. ಬಲಗಿವಿಗೆ ಹಿಡಿದರೆ ಏನೂ ಇಲ್ಲ. ಎಡಗಿವಿಗೆ ಹಿಡಿದು, ಸುರುಳಿ ಪೂರ್ತಿ ಒಳಗೆ ತಳ್ಳಿದಾಗ ಬಟ್ಟಲಿನಲ್ಲಿ ಟಿಕ್ ಎಂದಿತು. ಕೆನ್ನೆಗೆ ಹಿಡಿದರೆ ಇಲ್ಲ. ಕಿವಿಗೆ ಎಣ್ಣೆಹತ್ತಿ ತುರುಕಿದರೆ ಇಲ್ಲ. ಹತ್ತಿ ತೆಗೆದರೆ ಟಿಕ್. ಅಕ್ಕಾ, ನಿನ್ನ ಮಗನಿಗೆ ಒಂದು ಕಿವಿಯಲ್ಲಿ ಚೂರು ಕೇಳಿಸುತ್ತದೆ. ಗುಡುಗಿನಂಥದ್ದು, ಮೊರೆತದಂಥದ್ದು, ಅದೂ ತೀರ ಹತ್ತಿರ ಬಂದಾಗ. ಅವನು ಹಳಿಯ ಮೇಲೆ ನಿಂತಿದ್ದು ಗಾಡಿ ಬಂದದ್ದು ತಿಳಿಯದೆ ಅಲ್ಲ. ಮುಖ ತಿರುಗಿಸಿದ್ದು ಕಿವಿ ಕೊಡಲು. ಈ ಲೋಕದಲ್ಲಿ ಅವನ ಪಾಲಿಗೆ ಇದ್ದ ಒಂದೇ ಒಂದು ಸದ್ದು ಅದು. ಹತ್ತಿರ ಹೋದಷ್ಟೂ ಚೆನ್ನಾಗಿ ಕೇಳುತ್ತದೆ ಎಂದು ಹತ್ತಿರ ಹೋಗಿದ್ದ. ಅಷ್ಟೇ.

ಇದು ತಿಳಿದ ಗಳಿಗೆಯಿಂದ ಇನ್ನೊಂದು ಸಂಕಟ ಶುರುವಾಯಿತು. ‘ಒಂಚೂರೂ ಇಲ್ಲ’ ಎಂದು ನಿನಗೆ ಹೇಳಿದ್ದು ನನ್ನ ಡಬ್ಬ. ಚೂರು ಇತ್ತಲ್ಲ! ಹಾಗಾದರೆ ನೀನು ಕೂಗಿದ್ದರೆ ಸಾಕಿತ್ತೇ? ನಿಂತಲ್ಲಿಂದ ಒಂದು ಸಲ ಕೂಗಿದ್ದರೆ ಅವನು ತಿರುಗುತ್ತಿದ್ದನೇ, ನೀವಿಬ್ಬರೂ ಉಳಿಯುತ್ತಿದ್ದಿರೇ? ಇದನ್ನು ತಿಳಿಯದೆ ನಾನು ಬದುಕಲಾರದೆ ಹೋದೆ. ನಿನ್ನ ದನಿ ಅವ್ವನ ದನಿಯೇ ಅಲ್ಲವೇ, ತೆಳ್ಳಗೆ, ಎತ್ತರಕ್ಕೆ. ಬಾಗಿಲಾಚೆಯಿಂದ ಕೇಳಿದವರಿಗೆ ಯಾರು ಕರೆದರೆಂದು ಗೊತ್ತಾಗುತ್ತಿರಲಿಲ್ಲ. ಅಂಗಳದಲ್ಲಿ ಶಿವನನ್ನು ಎಡಗಿವಿ ಮನೆಯ ಕಡೆಗಿರುವಂತೆ ಕೂರಿಸಿ, “ಅವ್ವಾ, ಅವನ್ನ ಒಂದ್ಸಲ ಕೂಗು” ಎಂದೆ. ಯಾಕೆಂದು ಹೇಳಲಿಲ್ಲ. “ಕಿವುಡನ್ನ ಏನ್ ಕೂಗದ್ಲಾ” ಅಂದಳು. ಕೂಗು ಎಂದೆ. ಜಗುಲಿಯಿಂದ ಕೂಗಿದಳು, “ಸಿವಾ...” ಅವನು ಇರುವೆ ನೋಡುತ್ತಿದ್ದ. ಅಂಗಳಕ್ಕೆ ಇಳಿದು ಕೂಗಿದಳು. ಬೆನ್ನ ಹಿಂದೆ ನಿಂತು ಕೂಗಿದಳು. ಆಮೇಲೆ ನಾನು ಸಾಕೆಂದರೂ ನಿಲ್ಲಿಸಲಿಲ್ಲ. ಅವನ ಕಿವಿಯ ಹತ್ತಿರ ಬಾಯಿಟ್ಟು, ಗಂಟಲು ಒಡೆಯುವ ತನಕ, “ಸಿವಾ, ಸಿವಾ, ಲೋ ಸಿವಾ...” ಅವನು ಕುತ್ತಿಗೆಗೆ ಉಸಿರು ತಾಗಿದ್ದಕ್ಕೆ ಮಾತ್ರ ಕೈಯಿಂದ ಒರೆಸಿಕೊಂಡ. ಅವ್ವ ಮಣ್ಣಿನಲ್ಲೇ ಕೂತಳು. ನನ್ನ ಕಡೆ ನೋಡಿ, “ಅವ್ಳು ಕೂಗಿದ್ರೂ ಕೇಳ್ತಿರ್ನಿಲ್ಲ ಅಲ್ವೇನ್ಲಾ?” ಎಂದು ಕೇಳಿದಳು. ಇಲ್ಲವ್ವ ಎಂದೆ. ಎರಡು ವರ್ಷದ ಮೇಲೆ ಅವಳು ಆ ಮಗುವನ್ನು ತೊಡೆಗೆಳೆದುಕೊಂಡಿದ್ದು ಅವತ್ತು.

ಆದ್ದರಿಂದ ನೀನು ಓಡಿದ್ದು ಸರಿ, ಅಕ್ಕ. ಬೇರೆ ದಾರಿ ಇರಲಿಲ್ಲ. ಇದರಿಂದ ನನಗೆ ಸಮಾಧಾನವಾಯಿತೆಂದು ತಿಳಿಯಬೇಡ. ನಿನ್ನ ದನಿಯನ್ನು ಅವನು ಜ್ವರ ಬರುವ ಮುಂಚೆ, ಮೊಲೆ ಕುಡಿಯುವಾಗ ಕೇಳಿದ್ದನೋ ಏನೋ. ಇನ್ನೆಂದೂ ಇಲ್ಲ. ನೀನು ಇನ್ನೂ ನೂರು ವರ್ಷ ಬದುಕಿ, ಜೋಗುಳ ಹಾಡಿ, ಪಾಠ ಹೇಳಿ, ಬೈದು ಮುದ್ದು ಮಾಡಿದ್ದರೂ ಅವನಿಗೆ ಇಂಜಿನ್ನೇ ಕೇಳಿಸುತ್ತಿತ್ತು, ನೀನಲ್ಲ. ಇಷ್ಟನ್ನು ಪತ್ತೆಮಾಡಲು ನಾನು ಎಷ್ಟು ಸಲ ಆ ಡಬ್ಬ ಬಿಚ್ಚಿ ಕಟ್ಟಿದೆ! ಪ್ರತಿ ಸಲವೂ ಅದು ಮೊದಲಿಗಿಂತ ಚೆನ್ನಾಯಿತು. ಪ್ರತಿ ಸಲವೂ ನಮ್ಮ ಕೈಯಿಂದ ಒಂದೊಂದನ್ನು ಕಿತ್ತುಕೊಂಡಿತು.

ಡಾಕ್ಟರು ಬೇರೆ ಊರಿಗೆ ವರ್ಗವಾಗುವ ಮುಂಚೆ ಮಾತು ಉಳಿಸಿಕೊಂಡು ಬರೆದುಕೊಟ್ಟಿದ್ದರು. ಮೈಸೂರಿನ ಸ್ಕೂಲಿನಲ್ಲಿ ಶಿವನಿಗೆ ಜಾಗ ಸಿಕ್ಕಿದೆ. ಅಲ್ಲಿ ಮಾತು ಕಲಿಯುತ್ತಾನೆಂದು ನಾನು ನಂಬಿಲ್ಲ. ಅಕ್ಷರ ಕಲಿತಾನು. ನಿನ್ನ ಕೆಂಪು ಮಸಿಯ ಕೈ ಅವನಿಗೆ ಬಂದರೆ ಅಷ್ಟೇ ಸಾಕು. ಅವ್ವ ಅವನ ಅಂಗಿ ಚಡ್ಡಿಗಳನ್ನು ಮಡಿಸಿ ಗಂಟು ಕಟ್ಟಿಟ್ಟಿದ್ದಾಳೆ. ಸ್ಟೇಷನ್ನಿಗೆ ಬರುವುದಿಲ್ಲ ಎಂದಿದ್ದಾಳೆ, ನಾನೂ ಒತ್ತಾಯಿಸಲಿಲ್ಲ. ನಾಳೆ ಬೆಳಗಿನ ಗಾಡಿಗೆ ನಾವಿಬ್ಬರೂ ಹೊರಡುತ್ತೇವೆ. ನೀನು ಹೋದಮೇಲೆ ಅವನು ರೈಲು ಹತ್ತುವುದು ಇದೇ ಮೊದಲು. ಇಂಜಿನ್ನಿಗೆ ಹತ್ತಿರದ ಡಬ್ಬಿಯನ್ನೇ ಹುಡುಕುತ್ತೇನೆ. ಎಡಗಿವಿ ಕಿಟಕಿಯ ಕಡೆಗೆ ಬರುವ ಹಾಗೆ ಕೂರಿಸಿ, ಮೈಸೂರು ಬರುವ ತನಕ ಅವನ ರಟ್ಟೆಯನ್ನು ಬಿಡುವುದಿಲ್ಲ.

ನಿನ್ನ ತಮ್ಮ,
ನಂಜ